ಮೊದಲು ವಿಂಡೋ, ಆಮೇಲೆ ಟೂಲ್

ಎಲ್ಲವೂ ಮೊಬೈಲಿಗೆ ಬಂತು, ಬ್ರೌಸರಿಗೆ ಬಂತು ಎಂಬ ಮಾತು ಕೋಲಾರ ಜಿಲ್ಲೆಯ ಮಟ್ಟಿಗೆ ಅರ್ಧ ನಿಜ. ಬೆಳಕು ಹರಿಯುವ ಹೊತ್ತಿಗೆ ಬಾಗಿಲು ತೆರೆಯುವ ಹಳ್ಳಿ ಡೈರಿಗಳಲ್ಲಿ ತೂಕದ ಯಂತ್ರಕ್ಕೂ ಫ್ಯಾಟ್ ನೋಡುವ ಯಂತ್ರಕ್ಕೂ ವೈರ್ ಎಳೆದು ಕೂರಿಸಿದ ಕಂಪ್ಯೂಟರ್, ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳ ಬಿಲ್ಲು, ಶ್ರೀನಿವಾಸಪುರದ ಮಾವಿನ ಮಂಡಿಗಳ ಲೆಕ್ಕ, ಮಾಲೂರಿನ ಕಾರ್ಖಾನೆಗಳ ಸ್ಟೋರ್ಸ್, ಮುಳಬಾಗಿಲಿನ ಮೆಡಿಕಲ್ ಅಂಗಡಿಗಳ ಸ್ಟಾಕು, ಇಂಥ ಕಡೆಯಲ್ಲೆಲ್ಲ ಕಂಪ್ಯೂಟರಿನೊಳಗೇ ಇನ್‌ಸ್ಟಾಲ್ ಆಗಿ ಕೂತ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಇನ್ನೂ ಜಾಗವಿದೆ. ನೆಟ್ ಹೋದರೂ ಕೆಲಸ ನಿಲ್ಲಬಾರದು, ಪಕ್ಕದ ಯಂತ್ರದ ಅಂಕಿ ನೇರವಾಗಿ ಪರದೆಗೆ ಬರಬೇಕು, ಕೀಬೋರ್ಡ್ ಬಿಟ್ಟು ಕೈ ಏಳಬಾರದು. ಈ ಮೂರು ಬೇಡಿಕೆಗೂ ಅದೇ ಸಲೀಸು.

ಇಂಥ ತಂತ್ರಾಂಶ ಬರೆಯಲು ದೊಡ್ಡ ಕಂಪನಿಯೇ ಬೇಕೆಂದಿಲ್ಲ, ನಾಲ್ಕೈದು ಜನರ ತಂಡ ಸಾಕು. ಅವರ ನಿಜವಾದ ತಲೆನೋವು ಬರೆದ ಮೇಲೆ ಶುರುವಾಗುತ್ತದೆ. ಹಾಲಿನ ದರಪಟ್ಟಿ ಬದಲಾಯಿತು, ತೆರಿಗೆ ಬದಲಾಯಿತು, ಯಾರೋ ಹೊಸ ರಿಪೋರ್ಟು ಕೇಳಿದರು ಎಂದು ಹೊಸ ಆವೃತ್ತಿ ಬರುತ್ತಲೇ ಇರುತ್ತದೆ. ಹೊಸದನ್ನು ಸೇರಿಸುವಾಗ ಹಳೆಯದು ಕೆಟ್ಟಿಲ್ಲ ತಾನೇ ಎಂದು ಪ್ರತಿ ಸಲವೂ ಮೊದಲಿಂದ ನೋಡಬೇಕು. ಇದಕ್ಕೆ ರಿಗ್ರೆಷನ್ ಟೆಸ್ಟಿಂಗ್ ಎನ್ನುತ್ತಾರೆ. ಅದೇ ವಿಂಡೋ, ಅದೇ ಬಟನ್, ಅದೇ ಅಂಕಿಗಳನ್ನು ಇಪ್ಪತ್ತನೆಯ ಸಲ ಒತ್ತುವ ಹೊತ್ತಿಗೆ ಮನುಷ್ಯನ ಕಣ್ಣು ಮಂಜಾಗಿರುತ್ತದೆ, ತಪ್ಪು ತಪ್ಪಿಸಿಕೊಳ್ಳುತ್ತದೆ. ಆ ಕೆಲಸವನ್ನು ಸ್ಕ್ರಿಪ್ಟಿಗೆ ವಹಿಸುವುದೇ ಆಟೊಮೇಷನ್ ಟೆಸ್ಟಿಂಗ್. ಸ್ಕ್ರಿಪ್ಟು ತಾನೇ ವಿಂಡೋ ತೆರೆಯುತ್ತದೆ, ಅಂಕಿ ತುಂಬುತ್ತದೆ, ಬಟನ್ ಒತ್ತುತ್ತದೆ, ಬಂದ ಮೊತ್ತವನ್ನು ಓದಿ ಸರಿಯೋ ತಪ್ಪೋ ಎಂದು ಬರೆದಿಡುತ್ತದೆ.

ಮಾಲೂರು, ಟೇಕಲ್, ಬಂಗಾರಪೇಟೆ ಕಡೆಯಿಂದ ರೈಲು ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿದು ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರಿಗೆ ಇದು ಹೊಸ ವಿಷಯವಲ್ಲ. ಆದರೂ ಟೂಲ್ ಆರಿಸುವ ಮಾತು ಬಂದಾಗ ಎಷ್ಟೋ ಕಡೆ ನಡೆಯುವುದು ಒಂದೇ. ಹತ್ತು ಟೂಲ್‌ಗಳ ಹೆಸರು, ಬೆಲೆ, ಸೌಲಭ್ಯಗಳ ಪಟ್ಟಿ ಮಾಡಿ, ಹೆಚ್ಚು ಟಿಕ್ ಬಿದ್ದದ್ದನ್ನು ಕೊಳ್ಳುತ್ತಾರೆ. ಕಸುಬು ಬಲ್ಲವರು ಹಾಗೆ ಮಾಡುವುದಿಲ್ಲ. ಪರೀಕ್ಷಿಸಬೇಕಾದ ತಂತ್ರಾಂಶದ ವಿಂಡೋ ತೆರೆದು, ಅದು ತನ್ನ ಬಗ್ಗೆ ತಾನು ಎಷ್ಟು ಹೇಳಿಕೊಳ್ಳುತ್ತದೆ ಎಂದು ಮೊದಲು ನೋಡುತ್ತಾರೆ. ಯಾವ ಟೂಲ್ ಎಂಬುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ನೋಡುವ ಮೂರು ಬಗೆ

ಪರದೆಯ ಮೇಲಿನ ಬಟನ್ನನ್ನು ಟೂಲ್ ಮೂರು ಬಗೆಯಲ್ಲಿ ಹುಡುಕಬಲ್ಲದು.

ಮೊದಲನೆಯದು ಸ್ಥಾನ. ಎಡಗಡೆಯಿಂದ 640, ಮೇಲಿನಿಂದ 410 ಪಿಕ್ಸೆಲ್ ದೂರದಲ್ಲಿ ಕ್ಲಿಕ್ ಮಾಡು ಎಂದು ಬರೆದಿಡುವುದು. ಬರೆಯಲು ಸುಲಭ, ಕೆಡಲು ಇನ್ನೂ ಸುಲಭ. ಡೆವಲಪರ್ ಒಂದು ಖಾನೆ ಹೆಚ್ಚಿಗೆ ಸೇರಿಸಿದರೆ ಬಟನ್ ಕೆಳಗೆ ಜಾರುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್‌ಪ್ಲೇ ಶೇ. 125ಕ್ಕೆ ಹಿಗ್ಗಿದ್ದರೆ ಲೆಕ್ಕವೆಲ್ಲ ತಲೆಕೆಳಗು.

ಎರಡನೆಯದು ಚಿತ್ರ. ಬಟನ್ನಿನ ಚಿಕ್ಕ ಸ್ಕ್ರೀನ್‌ಶಾಟ್ ತೆಗೆದುಕೊಟ್ಟು, ಪರದೆಯಲ್ಲಿ ಇದು ಎಲ್ಲಿ ಕಾಣುತ್ತದೋ ಅಲ್ಲಿ ಒತ್ತು ಎನ್ನುವುದು. ಅಮೆರಿಕದ ಎಂಐಟಿಯಲ್ಲಿ ಹುಟ್ಟಿ 2009ರಲ್ಲಿ ಹೊರಬಂದ ಸಿಕುಲಿ ಈ ದಾರಿಯನ್ನು ಜನಪ್ರಿಯಗೊಳಿಸಿತು. ಅದರ ಮುಂದಿನ ರೂಪವಾದ ಸಿಕುಲಿ ಎಕ್ಸ್ ಚಿತ್ರ ಹುಡುಕಲು ಓಪನ್ ಸಿವಿಯನ್ನೂ ಅಕ್ಷರ ಓದಲು ಟೆಸರಾಕ್ಟನ್ನೂ ಬಳಸುತ್ತದೆ. ಕಣ್ಣಿಗೆ ಕಾಣುವುದೆಲ್ಲ ಇದಕ್ಕೂ ಕಾಣುತ್ತದೆ ಎಂಬುದೇ ಇದರ ಬಲ. ತಂತ್ರಾಂಶ ಯಾವ ಭಾಷೆಯಲ್ಲಿ ಬರೆದದ್ದು, ಒಳಗೆ ಏನಿದೆ ಎಂಬ ಗೊಡವೆಯೇ ಇಲ್ಲ. ಆದರೆ ಬಣ್ಣದ ಥೀಮ್ ಬದಲಾದರೆ, ಅಕ್ಷರದ ಅಂಚು ನಯಗೊಳಿಸುವ ರೀತಿ ಬೇರೆಯಾದರೆ, ಬಟನ್ ಮೇಲೆ ಇನ್ನೊಂದು ವಿಂಡೋ ಬಂದು ಕೂತರೆ ಅದು ಕೈಚೆಲ್ಲುತ್ತದೆ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ, ಮತ್ತು ಅದರ ಹುಟ್ಟು ಟೆಸ್ಟಿಂಗ್‌ಗಾಗಿ ಆದದ್ದೇ ಅಲ್ಲ. ದೃಷ್ಟಿಯಿಲ್ಲದವರು ಕಂಪ್ಯೂಟರ್ ಬಳಸಬೇಕಾದರೆ ಪರದೆಯ ಮೇಲೆ ಏನಿದೆ ಎಂದು ಯಾರಾದರೂ ಓದಿಹೇಳಬೇಕು. ಅದಕ್ಕಾಗಿ ಮೈಕ್ರೋಸಾಫ್ಟ್ 1997ರಲ್ಲಿ ಆಕ್ಟಿವ್ ಅಕ್ಸೆಸಿಬಿಲಿಟಿ ಎಂಬ ವ್ಯವಸ್ಥೆಯನ್ನೂ, ವಿಸ್ಟಾ ಕಾಲದಲ್ಲಿ ಅದಕ್ಕಿಂತ ಸಮೃದ್ಧವಾದ ಯುಐ ಆಟೊಮೇಷನ್ ಎಂಬುದನ್ನೂ ತಂದಿತು. ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ ಇದೆ, ಮ್ಯಾಕ್‌ನಲ್ಲಿ ಅದರದೇ ವ್ಯವಸ್ಥೆ ಇದೆ. ಮೂರರ ತಿರುಳು ಒಂದೇ: ಪ್ರತಿ ವಿಂಡೋ ತನ್ನೊಳಗಿನ ವಸ್ತುಗಳನ್ನು ಒಂದು ಮರದಂತೆ ಜೋಡಿಸಿ ಹೊರಗೆ ತೋರಿಸುತ್ತದೆ. ಬುಡದಲ್ಲಿ ವಿಂಡೋ, ಅದರ ಕೊಂಬೆಯಾಗಿ ಪ್ಯಾನೆಲ್, ಅದರಲ್ಲಿ ಬಟನ್, ಟೆಕ್ಸ್ಟ್ ಬಾಕ್ಸ್, ಪಟ್ಟಿ. ಪ್ರತಿಯೊಂದಕ್ಕೂ ಒಂದು ಜಾತಿ, ಒಂದು ಹೆಸರು, ಸದ್ಯದ ಮೌಲ್ಯ, ಒತ್ತಬಹುದೇ ಇಲ್ಲವೇ ಎಂಬ ಸ್ಥಿತಿ. ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಈ ಮರ ಹತ್ತಿಯೇ ಪರದೆಯನ್ನು ಓದುತ್ತದೆ. ಅದು ಕನ್ನಡವನ್ನೂ ಓದಬಲ್ಲದು. ಟೆಸ್ಟಿಂಗ್ ಟೂಲ್ ಹಿಡಿಯುವುದೂ ಇದೇ ಮರವನ್ನು. 640, 410 ಎನ್ನುವ ಬದಲು ‘ಹಾಲು ಖರೀದಿ ವಿಂಡೋದೊಳಗಿನ ಉಳಿಸು ಬಟನ್’ ಎಂದರೆ ಸಾಕು, ಬಟನ್ ಯಾವ ಮೂಲೆಗೆ ಸರಿದರೂ ಸಿಗುತ್ತದೆ.

ಬೆಂಗಳೂರಿನಲ್ಲಿ ಬೆಳೆದ ಒಂದು ಟೂಲ್

ಈ ಮರದ ದಾರಿಯನ್ನು ಲಿನಕ್ಸ್ ಜಗತ್ತಿಗೆ ತೆರೆದ ಟೂಲ್‌ಗಳಲ್ಲಿ ಒಂದು ನಮ್ಮ ಬೆಂಗಳೂರಿನದು. ನಾವೆಲ್ ಕಂಪನಿಯ ಬೆಂಗಳೂರು ಕಚೇರಿಯಲ್ಲಿ 2005ರ ಹೊತ್ತಿಗೆ ನಾಗಪ್ಪನ್ ಅಳಗಪ್ಪನ್ ಮತ್ತು ಜೊತೆಗಾರರು ಲಿನಕ್ಸ್ ಡೆಸ್ಕ್‌ಟಾಪ್ ಟೆಸ್ಟಿಂಗ್ ಪ್ರಾಜೆಕ್ಟ್, ಚಿಕ್ಕದಾಗಿ ಎಲ್‌ಡಿಟಿಪಿ, ಎಂಬುದನ್ನು ಕಟ್ಟಿದರು. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು. ಅದೇ ಕಾಲದಲ್ಲಿ ರೆಡ್ ಹ್ಯಾಟ್ ಕಡೆಯಿಂದ ಡಾಗ್‌ಟೇಲ್ ಎಂಬ ಇನ್ನೊಂದು ಟೂಲ್ ಬಂತು. ಎರಡಕ್ಕೂ ಆಧಾರ ಎಟಿ-ಎಸ್‌ಪಿಐ ಮರವೇ.

ಎಲ್‌ಡಿಟಿಪಿಯ ಸೊಗಸು ಅದು ಹೆಸರಿಡುವ ಕ್ರಮದಲ್ಲಿದೆ. ಬಟನ್ ಆದರೆ ಹೆಸರಿನ ಮುಂದೆ ‘ಬಿಟಿಎನ್’, ಟೆಕ್ಸ್ಟ್ ಬಾಕ್ಸ್ ಆದರೆ ‘ಟಿಎಕ್ಸ್‌ಟಿ’, ಮೆನು ಆದರೆ ‘ಎಂಎನ್‌ಯು’, ಡಯಲಾಗ್ ಆದರೆ ‘ಡಿಎಲ್‌ಜಿ’. ಅದರ ಹಿಂದೆ ಪರದೆಯ ಮೇಲೆ ಕಾಣುವ ಲೇಬಲ್. ಆದೇಶಗಳೂ ಅಷ್ಟೇ ಸರಳ. ಲಾಂಚ್‌ಆಪ್ ಎಂದರೆ ತಂತ್ರಾಂಶ ತೆರೆ, ಸೆಟ್‌ಟೆಕ್ಸ್ಟ್‌ವ್ಯಾಲ್ಯೂ ಎಂದರೆ ಖಾನೆ ತುಂಬು, ಕ್ಲಿಕ್ ಎಂದರೆ ಒತ್ತು, ವೇಟ್‌ಟಿಲ್‌ಗುಯಿಎಗ್ಸಿಸ್ಟ್ ಎಂದರೆ ಆ ವಿಂಡೋ ಕಾಣಿಸುವವರೆಗೆ ಕಾಯಿ. ಪೈಥಾನ್ ಅ ಆ ಇ ಈ ಬಲ್ಲವರು ಓದಿದರೂ ಸ್ಕ್ರಿಪ್ಟು ಏನು ಮಾಡುತ್ತಿದೆ ಎಂದು ತಿಳಿಯುತ್ತದೆ. ಮುಂದೆ ಅದೇ ಆದೇಶಗಳು ವಿಂಡೋಸ್‌ನಲ್ಲೂ ನಡೆಯಲೆಂದು ಕೋಬ್ರಾ, ಮ್ಯಾಕ್‌ಗಾಗಿ ಪೈಆಟಮ್ ಬಂದವು. ಇಂದು ಹೊಸದಾಗಿ ಶುರು ಮಾಡುವವರಿಗೆ ಅದಕ್ಕಿಂತ ಚುರುಕಾಗಿ ಬೆಳೆಯುತ್ತಿರುವ ಟೂಲ್‌ಗಳಿವೆ. ಆದರೆ ಟೂಲ್ ಎಂದರೆ ಓದಿದರೆ ಅರ್ಥವಾಗುವಂತಿರಬೇಕು ಎಂಬ ಪಾಠಕ್ಕೆ ಅದು ಈಗಲೂ ಒಳ್ಳೆಯ ಮಾದರಿ.

ಡೈರಿಯ ವಿಂಡೋ ಬಿಚ್ಚಿ ನೋಡಿದರೆ

ಒಂದು ಹಾಲು ಉತ್ಪಾದಕರ ಸಂಘಕ್ಕೆ ಮಾಡಿದ ತಂತ್ರಾಂಶ ನಮ್ಮ ಮುಂದಿದೆ ಎಂದುಕೊಳ್ಳೋಣ. ವಿಂಡೋ ಮೇಲೆ ಸದಸ್ಯರ ಸಂಖ್ಯೆ, ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಬಲಗಡೆ ‘ಉಳಿಸು’ ಬಟನ್. ಕೆಳಗೆ ಆ ಬೆಳಗ್ಗೆ ಹಾಲು ಹಾಕಿದವರ ಪಟ್ಟಿ.

ಟೂಲ್ ಕೊಳ್ಳುವ ಮೊದಲು ಮಾಡಬೇಕಾದದ್ದು ಇನ್‌ಸ್ಪೆಕ್ಟ್ ಎಂಬ ಪುಟ್ಟ ಪ್ರೋಗ್ರಾಮ್ ತೆರೆಯುವುದು. ಅದು ವಿಂಡೋಸ್ ಎಸ್‌ಡಿಕೆ ಜೊತೆ ಉಚಿತವಾಗಿ ಬರುತ್ತದೆ. ಮೈಕ್ರೋಸಾಫ್ಟ್‌ನದೇ ಅಕ್ಸೆಸಿಬಿಲಿಟಿ ಇನ್‌ಸೈಟ್ಸ್ ಕೂಡ ಆದೀತು. ಲಿನಕ್ಸ್‌ನಲ್ಲಾದರೆ ಅಕ್ಸರ್ಸೈಸರ್. ಮೌಸನ್ನು ಫ್ಯಾಟ್ ಖಾನೆಯ ಮೇಲೆ ಇಟ್ಟರೆ ಮರದಲ್ಲಿ ಆ ಖಾನೆ ಹೇಗೆ ದಾಖಲಾಗಿದೆ ಎಂದು ಪಕ್ಕದಲ್ಲಿ ತೋರಿಸುತ್ತದೆ. ಜಾತಿ: ಎಡಿಟ್. ಹೆಸರು: ಖಾಲಿ. ಆಟೊಮೇಷನ್ ಐಡಿ: ‘ಟೆಕ್ಸ್ಟ್‌ಬಾಕ್ಸ್ 7’.

ಇಷ್ಟರಲ್ಲೇ ಎರಡು ಸಂಗತಿ ಗೊತ್ತಾದವು. ಖಾನೆ ಮರದಲ್ಲಿದೆ, ಹಾಗಾಗಿ ಮರ ಓದುವ ಯಾವ ಟೂಲ್ ಆದರೂ ಇದನ್ನು ಹಿಡಿಯಬಲ್ಲದು. ಆದರೆ ಐಡಿಗೆ ಅರ್ಥವಿಲ್ಲ. ನಾಳೆ ಡೆವಲಪರ್ ನಡುವೆ ಇನ್ನೊಂದು ಖಾನೆ ಸೇರಿಸಿ ಎಲ್ಲಕ್ಕೂ ಮತ್ತೆ ಹೆಸರಿಟ್ಟರೆ 7 ಹೋಗಿ 8 ಆದೀತು, ಸ್ಕ್ರಿಪ್ಟು ಬೇರೆ ಖಾನೆಗೆ ಫ್ಯಾಟ್ ತುಂಬೀತು. ತಂತ್ರಾಂಶವನ್ನು ವಿಂಡೋಸ್ ಫಾರ್ಮ್ಸ್‌ನಲ್ಲಿ ಕಟ್ಟಿದ್ದರೆ, ಡೆವಲಪರ್ ಆ ಖಾನೆಗೆ ಇಟ್ಟ ಒಳಹೆಸರೇ ಸಾಮಾನ್ಯವಾಗಿ ಐಡಿಯಾಗಿ ಹೊರಗೆ ಕಾಣುತ್ತದೆ. ಡಬ್ಲ್ಯುಪಿಎಫ್‌ನಲ್ಲಿ ಅದಕ್ಕೆಂದೇ ಒಂದು ಗುಣವನ್ನು ಬರೆಯಬಹುದು. ಖಾನೆಯೊಂದಕ್ಕೆ ಒಂದು ಸಾಲಿನ ಕೆಲಸ, ಟೂಲ್‌ಗೆ ಲಕ್ಷ ಸುರಿದರೂ ಸಿಗದ ಗಟ್ಟಿತನ.

ಈಗ ಮೌಸನ್ನು ಕೆಳಗಿನ ಪಟ್ಟಿಯ ಮೇಲೆ ಇಡಿ. ಸಾಲು ಸಾಲಾಗಿ ಸದಸ್ಯರು, ಲೀಟರು, ಮೊತ್ತ ಕಣ್ಣಿಗೆ ಕಾಣುತ್ತಿದ್ದರೂ ಇನ್‌ಸ್ಪೆಕ್ಟ್ ‘ಪೇನ್’ ಎಂಬ ಒಂದೇ ಪದ ತೋರಿಸಿ ಸುಮ್ಮನಾಗಬಹುದು. ಹಾಗಾದರೆ ಆ ಪಟ್ಟಿಯನ್ನು ಡೆವಲಪರ್ ತಾನೇ ಚಿತ್ರದಂತೆ ಬರೆದಿದ್ದಾನೆ, ಅಥವಾ ಕೊಂಡುತಂದ ಗ್ರಿಡ್ (ಸಿದ್ಧ ಪಟ್ಟಿ) ತನ್ನ ಒಳಗನ್ನು ಹೊರಗೆ ಹೇಳುತ್ತಿಲ್ಲ ಎಂದು ಅರ್ಥ. ಇನ್ನು ಕೆಲವು ಗ್ರಿಡ್‌ಗಳು ಪರದೆಯಲ್ಲಿ ಕಾಣುವ ಸಾಲುಗಳನ್ನಷ್ಟೇ ಮರಕ್ಕೆ ಸೇರಿಸುತ್ತವೆ. ಇನ್ನೂರನೆಯ ಸದಸ್ಯನ ಸಾಲು ಬೇಕೆಂದರೆ ಸ್ಕ್ರಿಪ್ಟು ಕೆಳಗೆ ಸ್ಕ್ರೋಲ್ ಮಾಡಬೇಕು. ಟೂಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುವುದು ಇಂಥ ಜಾಗದಲ್ಲಿ. ‘ಉಳಿಸು’ ಬಟನ್ ಒತ್ತಲು ಎಲ್ಲ ಟೂಲ್‌ಗೂ ಬರುತ್ತದೆ.

ಶ್ರೀನಿವಾಸಪುರದ ಕಡೆ ಮಾವಿನ ತೋಪನ್ನು ಫಸಲಿಗೆ ಮುಂಚೆ ಗುತ್ತಿಗೆ ಹಿಡಿಯುವ ವ್ಯಾಪಾರಿ ರಸ್ತೆ ಬದಿಯ ನಾಲ್ಕು ಮರ ನೋಡಿ ರೇಟು ಹೇಳುವುದಿಲ್ಲ, ತೋಪಿನ ಒಳಗೆ ಹೋಗಿ ಸೊರಗಿದ ಮರಗಳನ್ನು ಎಣಿಸುತ್ತಾನೆ. ಟೂಲ್ ಪರೀಕ್ಷೆಯೂ ಹಾಗೇ ಇರಬೇಕು. ಮಾರುವವರು ತೋರಿಸುವ ಡೆಮೊದಲ್ಲಿ ಲಾಗಿನ್ ಪರದೆ ಯಾವತ್ತೂ ಪಾಸಾಗುತ್ತದೆ. ನಿಮ್ಮ ತಂತ್ರಾಂಶದಲ್ಲೇ ಅತಿ ಕಷ್ಟದ್ದು ಎನಿಸುವ ಗ್ರಿಡ್, ಪ್ರಿಂಟ್ ಪ್ರಿವ್ಯೂ, ಹೊರಗಿನ ಯಂತ್ರದಿಂದ ಅಂಕಿ ಬಂದಾಗಲಷ್ಟೇ ತುಂಬುವ ಖಾನೆ, ಈ ಮೂರನ್ನು ಟ್ರಯಲ್ ಅವಧಿಯಲ್ಲೇ ಕೊಟ್ಟು ನೋಡಬೇಕು.

ಯಾವ ಕಟ್ಟಡಕ್ಕೆ ಯಾವ ಟೂಲ್

ಮರ ನೋಡಿದ ಮೇಲೆ, ತಂತ್ರಾಂಶವನ್ನು ಯಾವುದರಿಂದ ಕಟ್ಟಿದ್ದಾರೆ ಎಂದು ತಿಳಿದರೆ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ವಿಂಡೋಸ್ ಫಾರ್ಮ್ಸ್, ಡಬ್ಲ್ಯುಪಿಎಫ್ ಅಥವಾ ಹಳೆಯ ವಿನ್32 ಆಗಿದ್ದರೆ ಉಚಿತ ಟೂಲ್‌ಗಳೇ ಬಹಳ ದೂರ ಕರೆದೊಯ್ಯುತ್ತವೆ. ಪೈಥಾನ್ ಬಲ್ಲ ತಂಡಕ್ಕೆ ಪೈವಿನ್‌ಆಟೊ. ಹಳೆಯ ವಿಂಡೋಗಳಿಗೆ ‘ವಿನ್32’, ಹೊಸವಕ್ಕೆ ‘ಯುಐಎ’ ಎಂದು ಅದರಲ್ಲಿ ಎರಡು ಬ್ಯಾಕೆಂಡ್ ಇವೆ. ಒಂದರಲ್ಲಿ ಕಾಣದ ಬಟನ್ ಇನ್ನೊಂದರಲ್ಲಿ ಕಾಣುವುದುಂಟು, ಎರಡನ್ನೂ ಹಾಕಿ ನೋಡಬೇಕು. ಸಿ ಶಾರ್ಪ್‌ನಲ್ಲಿ ತಂತ್ರಾಂಶ ಬರೆಯುವ ತಂಡಕ್ಕೆ ಫ್ಲಾಯುಐ ಹೊಂದುತ್ತದೆ, ಏಕೆಂದರೆ ಡೆವಲಪರ್ ಮತ್ತು ಟೆಸ್ಟರ್ ಒಂದೇ ಭಾಷೆಯಲ್ಲಿ ಬರೆದರೆ ಒಬ್ಬರದನ್ನು ಇನ್ನೊಬ್ಬರು ತಿದ್ದಬಹುದು. 1999ರಿಂದ ಇರುವ ಆಟೊಇಟ್ ಚಿಕ್ಕಪುಟ್ಟ ಕೆಲಸಕ್ಕೆ, ಇನ್‌ಸ್ಟಾಲರ್ ಓಡಿಸುವುದಕ್ಕೆ ಇಂದಿಗೂ ಕೈಗೆ ಬರುತ್ತದೆ.

ಜಾವಾ ಸ್ವಿಂಗ್‌ನಲ್ಲಿ ಕಟ್ಟಿದ್ದರೆ ವಿಂಡೋಸ್‌ನ ಮರದಲ್ಲಿ ಮೊದಲಿಗೆ ಏನೂ ಕಾಣದಿರಬಹುದು. ಜಾವಾ ಅಕ್ಸೆಸ್ ಬ್ರಿಜ್ ಎಂಬುದನ್ನು ಚಾಲೂ ಮಾಡಬೇಕು, ಇಲ್ಲವೇ ಜಾವಾದ ಒಳಗೇ ಹೊಕ್ಕು ನೋಡುವ ಕ್ಯೂಎಫ್-ಟೆಸ್ಟ್‌ನಂಥ ಟೂಲ್ ಬೇಕು. ಕ್ಯೂಟಿಯಲ್ಲಿ ಕಟ್ಟಿದ್ದಕ್ಕೆ ಸ್ಕ್ವಿಶ್ ಹೆಸರಾದದ್ದು. ಅದನ್ನು ಮಾಡಿದ ಫ್ರಾಗ್‌ಲಾಜಿಕ್ ಕಂಪನಿಯನ್ನು 2021ರಲ್ಲಿ ಕ್ಯೂಟಿ ಕಂಪನಿಯೇ ಕೊಂಡಿತು. ಎಲೆಕ್ಟ್ರಾನ್‌ನಲ್ಲಿ ಕಟ್ಟಿದ್ದಾದರೆ ಒಳಗಿರುವುದು ಬ್ರೌಸರ್, ಹಾಗಾಗಿ ಪ್ಲೇರೈಟ್‌ನಂಥ ವೆಬ್ ಟೂಲ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲವೂ ಬೆರೆತ ದೊಡ್ಡ ಸಂಸ್ಥೆಗಳು ಟೆಸ್ಟ್‌ಕಂಪ್ಲೀಟ್, ರಾನೊರೆಕ್ಸ್, ಯುಎಫ್‌ಟಿಯಂಥ ಬೆಲೆ ತೆತ್ತು ಕೊಳ್ಳುವ ಟೂಲ್‌ಗಳತ್ತ ಹೋಗುತ್ತವೆ. ಬಗೆಬಗೆಯ ಗ್ರಿಡ್‌ಗಳ ಒಳಗನ್ನು ಓದುವ ತಯಾರಿ ಅವುಗಳಲ್ಲಿ ಮೊದಲೇ ಇರುತ್ತದೆ, ಕೊಟ್ಟ ದುಡ್ಡು ಮುಖ್ಯವಾಗಿ ಅದಕ್ಕೇ.

ಮರವೇ ಸಿಗದ ತಂತ್ರಾಂಶಕ್ಕೆ ಏನು ಮಾಡುವುದು? ಬೆಂಗಳೂರಿನ ಟ್ಯಾಲಿಯನ್ನೇ ನೋಡಿ. 1986ರಲ್ಲಿ ಶುರುವಾದ ಕಂಪನಿ, ಅಂಗಡಿ ಮಂಡಿಗಳಲ್ಲೆಲ್ಲ ಮನೆಮಾತು. ಅದು ಕೀಬೋರ್ಡಿಗೆಂದೇ ಬೆಳೆದ ತಂತ್ರಾಂಶ. ಎಫ್5 ಒತ್ತಿದರೆ ಪೇಮೆಂಟ್, ಎಫ್8 ಒತ್ತಿದರೆ ಸೇಲ್ಸ್. ಇಂಥ ಕಡೆ ಬಟನ್ ಹುಡುಕುತ್ತಾ ಕೂರದೆ ಕೀಲಿಗಳನ್ನೇ ಕಳಿಸುವುದು ಜಾಣತನ. ಬಂದ ಫಲಿತಾಂಶವನ್ನು ಪರದೆಯಿಂದ ಓದಲು ಹೆಣಗುವ ಬದಲು, ಎಕ್ಸ್‌ಎಂಎಲ್ ರೂಪದಲ್ಲಿ ಮಾಹಿತಿ ಹೊರತೆಗೆಯಲು ಟ್ಯಾಲಿ ಕೊಟ್ಟಿರುವ ದಾರಿಯಿಂದ ತರಿಸಿ ಹೋಲಿಸಬಹುದು. ಚಿತ್ರ ಹುಡುಕುವ ಟೂಲನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳಬೇಕು, ಅದೂ ಒಂದೆರಡು ಜಾಗಕ್ಕೆ ಮಾತ್ರ.

ಕಾಯುವ ಕಲೆ

ಹೊಸಬರ ಸ್ಕ್ರಿಪ್ಟುಗಳು ಬೀಳುವುದು ಬಟನ್ ಸಿಗದೆ ಅಲ್ಲ, ಬಟನ್ ಬರುವ ಮೊದಲೇ ಒತ್ತಲು ಹೋಗಿ. ‘ಉಳಿಸು’ ಒತ್ತಿದ ಮೇಲೆ ‘ಉಳಿಸಲಾಗಿದೆ’ ಎಂಬ ಸಂದೇಶ ಬರಲು ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಅರ್ಧ ಸೆಕೆಂಡು ಸಾಕು. ಸಂಘದ ಹಳೆಯ ಕಂಪ್ಯೂಟರಿನಲ್ಲಿ ನಾಲ್ಕು ಸೆಕೆಂಡು ಬೇಕಾದೀತು. ‘5 ಸೆಕೆಂಡು ಮಲಗು’ ಎಂದು ಎಲ್ಲ ಕಡೆ ಬರೆದರೆ ಸ್ಕ್ರಿಪ್ಟು ಆಮೆಯಾಗುತ್ತದೆ, ಆರನೆಯ ಸೆಕೆಂಡಿಗೆ ಬಂದರೆ ಹೇಗೂ ಬೀಳುತ್ತದೆ. ಒಳ್ಳೆಯ ಟೂಲ್‌ನಲ್ಲಿ ‘ಈ ಸಂದೇಶ ಕಾಣುವವರೆಗೆ ಕಾಯಿ, ಹೆಚ್ಚೆಂದರೆ 20 ಸೆಕೆಂಡು’ ಎಂದು ಹೇಳಲು ಬರಬೇಕು. ಟೂಲ್ ಆರಿಸುವಾಗ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದು ಒಂದು: ಕಾಣುವುದಕ್ಕೆ ಮಾತ್ರ ಕಾಯುತ್ತದೆಯೋ, ಒತ್ತಲು ಸಿದ್ಧವಾಗುವುದಕ್ಕೂ ಕಾಯುತ್ತದೆಯೋ, ಮಾಯವಾಗುವುದಕ್ಕೂ ಕಾಯುತ್ತದೆಯೋ?

ಡೆಸ್ಕ್‌ಟಾಪಿಗೇ ಅಂಟಿದ ಇನ್ನೆರಡು ಕಿರಿಕಿರಿಗಳಿವೆ. ರಾತ್ರಿ ಓಡಲೆಂದು ಬಿಟ್ಟುಹೋದ ಕಂಪ್ಯೂಟರಿನ ಪರದೆ ಲಾಕ್ ಆದರೆ, ಅಥವಾ ರಿಮೋಟ್ ಡೆಸ್ಕ್‌ಟಾಪ್ ವಿಂಡೋವನ್ನು ಚಿಕ್ಕದು ಮಾಡಿಟ್ಟರೆ, ಮೌಸ್ ಕ್ಲಿಕ್‌ಗಳು ಗಾಳಿಗೆ ಹೋಗುತ್ತವೆ. ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡುತ್ತಿದ್ದು ಸ್ಕ್ರಿಪ್ಟು ಸಾಮಾನ್ಯ ಹಕ್ಕಿನಲ್ಲಿದ್ದರೆ ವಿಂಡೋಸ್ ಅದರ ಕೈ ಕಟ್ಟುತ್ತದೆ. ಇವಕ್ಕೆ ಟೂಲ್ ಬದಲಿಸಿದರೆ ಪ್ರಯೋಜನವಿಲ್ಲ, ಟೆಸ್ಟಿಂಗ್‌ಗೆಂದೇ ಲಾಗಿನ್ ಆಗಿ ತೆರೆದಿರುವ ಒಂದು ಕಂಪ್ಯೂಟರ್ ಬೇಕು.

ಕನ್ನಡ ಬಂದಾಗ

ಪರದೆಯಲ್ಲಿ ಕನ್ನಡ ಇದ್ದರೆ ಆಯ್ಕೆಗೆ ಇನ್ನೊಂದು ಪರೀಕ್ಷೆ ಸೇರುತ್ತದೆ. ಹೊರದೇಶದ ಟೂಲ್‌ಗಳ ಕೈಪಿಡಿಯಲ್ಲಿ ಇದು ಸಿಗುವುದಿಲ್ಲ.

ಹಳೆಯ ನುಡಿ ಅಥವಾ ಬರಹದ ಫಾಂಟ್ ಆಧಾರಿತ ತಂತ್ರಾಂಶವಾದರೆ ಕಣ್ಣಿಗೆ ‘ಕೋಲಾರ’ ಎಂದು ಕಂಡದ್ದು ಮರದಲ್ಲಿ ಇಂಗ್ಲಿಷಿನ ಗೋಜಲು. ನುಡಿಯ ಹಳೆಯ ಸಂಕೇತದಲ್ಲಿ ‘ಕೋ’ ಎಂಬುದು ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗಿ, ತಲೆಯ ಮೇಲೆ ಗೆರೆ ಹೊತ್ತ ಇ ಮುಂತಾದ ಯುರೋಪಿನ ಅಕ್ಷರಗಳಾಗಿ ಮುಂದುವರಿಯುತ್ತದೆ. ಟೂಲ್ ಅದನ್ನು ತಪ್ಪಿಲ್ಲದೆ ಓದುತ್ತದೆ, ಓದಿದ್ದು ನಮಗೆ ಅರ್ಥವಾಗುವುದಿಲ್ಲ ಅಷ್ಟೆ. ನಿರೀಕ್ಷಿತ ಉತ್ತರವನ್ನೂ ಅದೇ ಸಂಕೇತದಲ್ಲಿ ಬರೆದಿಟ್ಟು ಹೋಲಿಸಬೇಕು.

ಯೂನಿಕೋಡ್ ಆದರೆ ಬೇರೆ ಬಗೆಯ ಬಲೆ. ‘ಕೋಲಾರ’ವನ್ನು ಎರಡು ರೀತಿ ಬರೆಯಬಹುದು. ಓಕಾರದ ಚಿಹ್ನೆ ಒಂದೇ ಸಂಕೇತವಾಗಿ ಬಂದರೆ ಇಡೀ ಪದಕ್ಕೆ 5 ಸಂಕೇತ. ಅದೇ ಚಿಹ್ನೆ ಎಕಾರದ್ದು, ಊಕಾರದ್ದು, ದೀರ್ಘದ್ದು ಎಂದು ಬಿಡಿಬಿಡಿಯಾಗಿ ಬಂದರೆ 7. ಹಳೆಯ ಫಾಂಟಿನಿಂದ ಪರಿವರ್ತಿಸಿದ ಕಡತಗಳಲ್ಲಿ ಬಿಡಿ ರೂಪ ನುಸುಳುವ ಸಂಭವ ಹೆಚ್ಚು. ಪರದೆಯ ಮೇಲೆ ಎರಡೂ ಒಂದೇ, ಸ್ಕ್ರಿಪ್ಟಿಗೆ ಬೇರೆ ಬೇರೆ, ಟೆಸ್ಟು ಫೇಲ್. ಶ್ರೀನಿವಾಸಪುರದ ‘ಶ್ರೀ’ಯಲ್ಲೂ ಇದೇ ತೊಡಕಿದೆ, ಅಲ್ಲಿನ ಈಕಾರವನ್ನೂ ಒಂದಾಗಿ ಇಲ್ಲವೇ ಎರಡಾಗಿ ಬರೆಯಬಹುದು. ಮಾಲೂರು, ಮುಳಬಾಗಿಲು ಇದರಿಂದ ಪಾರಾಗಿವೆ. ಎರಡೂ ಬದಿಯನ್ನು ಎನ್‌ಎಫ್‌ಸಿ ಎಂಬ ಒಂದೇ ಮಾದರಿಗೆ ತಂದು ಹೋಲಿಸಿದರೆ ಈ ತೊಡಕು ತೀರುತ್ತದೆ. ಪೈಥಾನ್‌ನಲ್ಲೂ ಸಿ ಶಾರ್ಪ್‌ನಲ್ಲೂ ಅದು ಒಂದು ಸಾಲು.

ಟೇಕಲ್, ವೇಮಗಲ್‌ನಂಥ ಹೆಸರುಗಳದ್ದು ಮತ್ತೂ ಸೂಕ್ಷ್ಮ. ಕೊನೆಯಲ್ಲಿ ಅರ್ಧಾಕ್ಷರವಿದೆ, ಅದಕ್ಕೆ ‘ಗೆ’ ಸೇರಿಸಿದಾಗ ಒತ್ತಕ್ಷರವಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಹೋಬಳಿಯ ಹೆಸರನ್ನು ಎಲ್ಲಿಂದಲೋ ಕಾಪಿ ಮಾಡಿ ತಂದಾಗ ಆ ಸಂಕೇತ ಬಾಲದಂತೆ ಜೊತೆಗೇ ಬಂದುಬಿಡಬಹುದು. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ, ಪದದ ಕೊನೆಯಲ್ಲಿದ್ದರೆ ನಾವೇ ಕತ್ತರಿಸಬೇಕು. ಆದ್ದರಿಂದ ನಮ್ಮ ಜಿಲ್ಲೆಯ ತಂತ್ರಾಂಶಕ್ಕೆ ಟೂಲ್ ಪರೀಕ್ಷಿಸುವಾಗ ವೇಮಗಲ್, ಹೋಳೂರು, ಟೇಕಲ್, ಮಾಸ್ತಿ, ಬೈರಕೂರು, ರೋಣೂರು, ರಾಯಲ್ಪಾಡು ಎಂಬ ಏಳು ಹೆಸರುಗಳನ್ನು ತುಂಬಿ ವಾಪಸು ಓದಿಸಿ ನೋಡಿದರೆ ಹೆಚ್ಚಿನ ತೊಡಕು ಅಲ್ಲೇ ಹೊರಬೀಳುತ್ತದೆ. ಪಹಣಿಯಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಒಂದು ಹೆಸರಿದ್ದು ಅಲೆದಾಡಿದ ರೈತರ ಊರಿದು, ಅಕ್ಷರದ ತಪ್ಪನ್ನು ಇಲ್ಲಿ ಚಿಕ್ಕದೆನ್ನುವಂತಿಲ್ಲ.

ತುಂಬುವ ರೀತಿಯೂ ಮುಖ್ಯ. ಕೀಲಿ ಒತ್ತಿದಂತೆ ಕಳಿಸಿದರೆ, ಹಿಂದೆ ನುಡಿ ಓಡುತ್ತಿದ್ದಾಗ ಇಂಗ್ಲಿಷ್ ಕೀಲಿಗಳೆಲ್ಲ ಕನ್ನಡವಾಗಿ ಬೀಳುತ್ತವೆ. ಖಾನೆಗೆ ನೇರವಾಗಿ ಮೌಲ್ಯ ಇಟ್ಟರೆ ಆ ಗೊಂದಲವಿಲ್ಲ, ಆದರೆ ಕೀಲಿ ಒತ್ತಿದಾಗ ಮಾತ್ರ ನಡೆಯುವ ತಪಾಸಣೆ ನಡೆಯದೇ ಉಳಿದೀತು. ಒಳ್ಳೆಯ ಟೂಲ್ ಎರಡನ್ನೂ ಕೊಡುತ್ತದೆ, ಒಳ್ಳೆಯ ಟೆಸ್ಟರ್ ಎರಡನ್ನೂ ಬಳಸುತ್ತಾನೆ.

ಟೂಲ್‌ಗಿಂತ ಮುಂಚೆ ಅಂಕಿ

ಟೂಲ್ ಎಷ್ಟೇ ಚೆನ್ನಾಗಿರಲಿ, ಕೊಟ್ಟ ಅಂಕಿ ಪೆದ್ದಾಗಿದ್ದರೆ ತಪ್ಪು ಸಿಗುವುದಿಲ್ಲ. 6.4 ಲೀಟರಿಗೆ 35 ರೂಪಾಯಿಯಂತೆ 224 ಬಂದರೆ ಸಾಬೀತಾದದ್ದು ಗುಣಾಕಾರ ಮಾತ್ರ. 6.35 ಲೀಟರಿಗೆ 34.75ರಂತೆ 220.6625 ಬರುತ್ತದೆ. ಅದನ್ನು 220.66 ಮಾಡಿದ್ದು ಬಿಲ್ಲಿನಲ್ಲೂ, ಬಟವಾಡೆ ಪಟ್ಟಿಯಲ್ಲೂ, ತಿಂಗಳ ಮೊತ್ತದಲ್ಲೂ ಒಂದೇ ಆಗಿದೆಯೇ ಎಂದು ನೋಡುವುದು ಟೆಸ್ಟು.

ಟೊಮೆಟೊ ಮಂಡಿಯ ಬಿಲ್ಲಿಂಗ್‌ಗೆ 15 ಕೆ.ಜಿ. ಬಾಕ್ಸಿನ ದರದ ಖಾನೆ ಇರುತ್ತದೆ. ಬೆಲೆ ಕುಸಿದ ವರ್ಷ ರೈತರು ಹಣ್ಣನ್ನು ರಸ್ತೆಗೆ ಸುರಿದದ್ದನ್ನು ಕೋಲಾರ ಕಂಡಿದೆ. 2023ರ ಜುಲೈನಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿದ್ದನ್ನೂ ಕಂಡಿದೆ. ದರಕ್ಕೆ ಮೂರಂಕಿ ಸಾಕು ಎಂದು ಖಾನೆ ಮಾಡಿದ್ದ ಬಿಲ್ಲಿಂಗ್ ತಂತ್ರಾಂಶ ಆ ಜುಲೈನಲ್ಲಿ ಏನಾದೀತು ಎಂದು ಮೊದಲೇ ಊಹಿಸುವುದು ಟೆಸ್ಟರ್ ಕೆಲಸ. ಹಾಗಾಗಿ ಟೂಲ್ ಆರಿಸುವಾಗ, ಅಂಕಿಗಳನ್ನು ಒಂದು ಎಕ್ಸೆಲ್ ಹಾಳೆಯಿಂದ ಓದಿ ಅದೇ ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓಡಿಸಲು ಬರುತ್ತದೆಯೇ ನೋಡಿ. ಆಗ ಮಂಡಿಯ ವ್ಯವಹಾರ ಬಲ್ಲ, ಪ್ರೋಗ್ರಾಮಿಂಗ್ ತಿಳಿಯದ ವ್ಯಕ್ತಿಯೂ ಹಾಳೆಗೆ ಹತ್ತು ಸಾಲು ಸೇರಿಸಿ ಟೆಸ್ಟನ್ನು ಜಾಣಗೊಳಿಸಬಹುದು.

ಆಯಸ್ಸು, ಖರ್ಚು, ಕೈ

ಟೂಲ್‌ಗೂ ಆಯಸ್ಸಿದೆ. ಮೈಕ್ರೋಸಾಫ್ಟ್ 2016ರಲ್ಲಿ ತಂದ ವಿನ್‌ಆಪ್‌ಡ್ರೈವರ್ ಬಹಳ ಆಸೆ ಹುಟ್ಟಿಸಿತು. ವೆಬ್ ಪರೀಕ್ಷಿಸುವ ಸೆಲೆನಿಯಂ ಬಲ್ಲವರು ಅದೇ ಶೈಲಿಯಲ್ಲಿ ಡೆಸ್ಕ್‌ಟಾಪನ್ನೂ ಪರೀಕ್ಷಿಸಬಹುದಿತ್ತು. ಆದರೆ 2020ರ ನಂತರ ಅದರ ಬೆಳವಣಿಗೆ ನಿಂತೇಹೋಯಿತು. ಒಂದು ಕಾಲದಲ್ಲಿ ಬೆಂಗಳೂರಿನ ತರಬೇತಿ ಕೇಂದ್ರಗಳ ಬೋರ್ಡಿನಲ್ಲೆಲ್ಲ ಕಾಣುತ್ತಿದ್ದ ಕ್ಯೂಟಿಪಿ ಮರ್ಕ್ಯುರಿ ಕಂಪನಿಯದಾಗಿತ್ತು. 2006ರಲ್ಲಿ ಎಚ್‌ಪಿ ಪಾಲಾಗಿ, 2017ರಲ್ಲಿ ಮೈಕ್ರೋ ಫೋಕಸ್‌ಗೆ, 2023ರಲ್ಲಿ ಓಪನ್‌ಟೆಕ್ಸ್ಟ್‌ಗೆ ಹೋಯಿತು. ಹೆಸರೂ ಯುಎಫ್‌ಟಿ ಆಯಿತು. ಯಜಮಾನ ಬದಲಾದಂತೆಲ್ಲ ಲೈಸೆನ್ಸಿನ ಲೆಕ್ಕವೂ ಬದಲಾಗಬಹುದು. ಮುಕ್ತ ಟೂಲ್ ಆದರೆ ಕೊನೆಯ ಆವೃತ್ತಿ ಯಾವಾಗ ಬಂತು, ಜನ ತೋರಿಸಿದ ದೋಷಗಳಿಗೆ ಉತ್ತರ ಬರುತ್ತಿದೆಯೇ ಎಂದು ನೋಡಬೇಕು. ಕೊಳ್ಳುವುದಾದರೆ ಒಬ್ಬರಿಗೆ ಒಂದು ಲೈಸೆನ್ಸೋ, ಕಂಪ್ಯೂಟರಿಗೆ ಒಂದೋ, ಸ್ಕ್ರಿಪ್ಟು ಓಡಿಸುವುದಕ್ಕೂ ಪ್ರತ್ಯೇಕ ಕಟ್ಟಬೇಕೋ ಎಂದು ಕೇಳಬೇಕು.

ಇದಕ್ಕಿಂತ ದೊಡ್ಡ ಖರ್ಚು ಸ್ಕ್ರಿಪ್ಟು ತಿದ್ದುವ ಕೈಯದು. ಮೌಸ್ ಓಡಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುವ ಟೂಲ್ ಮೊದಲ ದಿನ ಮಾಯೆಯಂತೆ ಕಾಣುತ್ತದೆ. ಮೂರು ತಿಂಗಳ ನಂತರ ವಿಂಡೋ ಬದಲಾದಾಗ ಆ ರೆಕಾರ್ಡಿಂಗ್ ತಿದ್ದುವವರಿಲ್ಲದೆ ಮೂಲೆ ಸೇರುತ್ತದೆ. ವಿಂಡೋ ಒಂದಕ್ಕೆ ಒಂದು ಕಡತ ಮಾಡಿ, ಅದರ ಬಟನ್ನುಗಳ ವಿಳಾಸವನ್ನೆಲ್ಲ ಅಲ್ಲೇ ಇಟ್ಟರೆ, ಬದಲಾವಣೆ ಬಂದಾಗ ತಿದ್ದುವುದು ಒಂದೇ ಜಾಗದಲ್ಲಿ. ಟೂಲ್ ಇದಕ್ಕೆ ಎಡೆ ಕೊಡಬೇಕು, ತಂಡದಲ್ಲಿ ಕಡೇಪಕ್ಷ ಇಬ್ಬರಿಗೆ ಅದರ ಭಾಷೆ ಗೊತ್ತಿರಬೇಕು.

ಎಲ್ಲವನ್ನೂ ಆಟೊಮೇಷನ್‌ಗೆ ಹಾಕಬೇಕೆಂದೂ ಇಲ್ಲ. ಲೆಕ್ಕವನ್ನು ಪರದೆಯ ಮೂಲಕ ನೂರು ಸಲ ಪರೀಕ್ಷಿಸುವ ಬದಲು ಡೆವಲಪರ್ ಅದರ ಒಳಗಿನ ಕೋಡಿಗೇ ಯೂನಿಟ್ ಟೆಸ್ಟ್ ಬರೆದರೆ ಕ್ಷಣದಲ್ಲಿ ಮುಗಿಯುತ್ತದೆ. ಪರದೆಯ ಪಾಲಿಗೆ ದಿನವೂ ನಡೆಯುವ ಹತ್ತು ಹನ್ನೆರಡು ಕೆಲಸಗಳನ್ನು ಬಿಟ್ಟರೆ ಸಾಕು: ಹಾಲು ಖರೀದಿ, ತಿದ್ದುಪಡಿ, ಬಟವಾಡೆ, ಬ್ಯಾಕಪ್. ಅಕ್ಷರ ಚಿಕ್ಕದಾಯಿತೇ, ಗಡಿಬಿಡಿಯಲ್ಲಿ ಕಾರ್ಯದರ್ಶಿಯ ಬೆರಳು ತಪ್ಪು ಬಟನ್ನಿಗೆ ಹೋಗುತ್ತದೆಯೇ ಎಂಬುದನ್ನು ಮನುಷ್ಯನೇ ಕೂತು ನೋಡಬೇಕು.

ಚಿಕ್ಕ ತಂಡವೊಂದು ಇಂದೇ ಶುರು ಮಾಡುವುದಾದರೆ ದಾರಿ ಇದು. ಇನ್‌ಸ್ಪೆಕ್ಟ್ ತೆರೆದು ಎಲ್ಲ ವಿಂಡೋಗಳ ಮೇಲೆ ಒಮ್ಮೆ ಓಡಾಡಿ. ಹೆಸರಿಲ್ಲದ ಖಾನೆ, ಬಟನ್ನುಗಳ ಪಟ್ಟಿ ಮಾಡಿ ಡೆವಲಪರ್‌ಗೆ ಕೊಟ್ಟು ಹೆಸರಿಡಿಸಿ. ಆಮೇಲೆ ತಂಡಕ್ಕೆ ಗೊತ್ತಿರುವ ಭಾಷೆಯ ಉಚಿತ ಟೂಲ್‌ನಿಂದ ಅತಿ ಕಷ್ಟದ ವಿಂಡೋ ಪ್ರಯತ್ನಿಸಿ. ಅದು ಸೋತಾಗ, ಎಲ್ಲಿ ಸೋತಿತು ಎಂದು ಗೊತ್ತಾದ ಮೇಲೆಯೇ ದುಡ್ಡು ಕೊಟ್ಟು ಕೊಳ್ಳುವ ಮಾತು. ಮುಂದೆ ಟೂಲ್ ಬದಲಾದರೂ ಇಟ್ಟ ಹೆಸರುಗಳು ವ್ಯರ್ಥವಾಗುವುದಿಲ್ಲ, ಮುಂದಿನ ಟೂಲ್ ಕೂಡ ಹುಡುಕುವುದು ಅವನ್ನೇ. ಅದೇ ಹೆಸರುಗಳನ್ನು ಸ್ಕ್ರೀನ್ ರೀಡರ್ ಓದಿಹೇಳಿದರೆ ದೃಷ್ಟಿಯಿಲ್ಲದ ಒಬ್ಬ ಗುಮಾಸ್ತರೂ ಆ ತಂತ್ರಾಂಶದಲ್ಲಿ ಕೆಲಸ ಮಾಡಬಹುದು. ಟೆಸ್ಟಿಂಗ್‌ಗೆಂದು ಹಾಕಿದ ಶ್ರಮಕ್ಕೆ ಇಷ್ಟು ಲಾಭ ಬೇರಾವ ಟೂಲ್ ಕೊಂಡರೂ ಸಿಗದು.